ಬೆಳ್ಳಿಗೆರೆ ಹೇಡಿಯಲ್ಲ

ಯಾರಾದರೂ ಗೆಲ್ಲುವ ಹೊತ್ತಿಗೆ ಕೈಚೆಲ್ಲಿದರೆ ಇಲ್ಲಿನವರು ‘ಬೆಳ್ಳಿಗೆರೆ ಆಗ್ಬಿಟ್ಟ’ ಅನ್ನುತ್ತಾರೆ. ಇಸ್ಪೀಟಿನಲ್ಲಿ ಸೋತವನಿಗೆ ಜೊತೆಯವರು ಅನ್ನುತ್ತಾರೆ, ಪರೀಕ್ಷೆಯಲ್ಲಿ ಫೇಲಾದ ಮಗನಿಗೆ ಅಪ್ಪ ಅನ್ನುತ್ತಾನೆ. ಹಾಗೆ ಅನ್ನುವವರಲ್ಲಿ ಅರ್ಧ ಜನಕ್ಕೆ ಬೆಳ್ಳಿಗೆರೆ ಯಾರು ಎಂದೇ ಗೊತ್ತಿಲ್ಲ. ಕುದುರೆ ಕಣ್ರೀ, ರೇಸಿನ ಕುದುರೆ! ಓಡಿದ ರೇಸನ್ನೆಲ್ಲ ಗೆದ್ದು, ಕೊನೆಯದೊಂದನ್ನು ಮಾತ್ರ ಸೋತವಳು. ಗೆದ್ದದ್ದೆಲ್ಲ ಗಾಳಿಗೆ ಹೋಯಿತು. ಸೋತದ್ದೊಂದು ಎಲ್ಲರ ಬಾಯಲ್ಲಿ ಉಳಿಯಿತು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನನಗೇ ಹೀಗಾದರೆ ನಮ್ಮಕ್ಕನಿಗೆ ಹೇಗಾಗಬೇಡ?

ಅಕ್ಕ ಆ ಕುದುರೆಯನ್ನು ದಿನಾ ಬೆಳಿಗ್ಗೆ ಓಡಿಸುತ್ತಿದ್ದವಳು. ರೇಸಿನ ದಿನ ಮೇಲೆ ಕೂತು ಮೆರೆಯುವವನು ಜಾಕಿ. ಉಳಿದ ದಿನಗಳಲ್ಲಿ ಚಳಿ, ಮಂಜು, ಕೆಸರು ಎನ್ನದೆ ಕುದುರೆ ಹತ್ತಿ ಅದನ್ನು ಪಳಗಿಸುವವರು ಬೇರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಫೋಟೋ ಅಂತೂ ಕೇಳಲೇಬೇಡಿ. ನಾವಿದ್ದದ್ದು ಲಾಯದ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ನಾನು ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಜಾಕಿಗಳ ಬಣ್ಣಬಣ್ಣದ ಅಂಗಿ ಹೊಲಿಯುತ್ತಿದ್ದೆ. ಅಕ್ಕ ಮನೆಗೆ ಬಂದಳೆಂದರೆ ಒಳಗೆಲ್ಲ ಒಣಹುಲ್ಲು, ಕುದುರೆ ಬೆವರು. ‘ಆ ಬೂಟು ಆಚೆ ಬಿಡೇ ಮಾರಾಯ್ತಿ’ ಎಂದು ಎಷ್ಟು ಸಲ ಹೇಳಿದರೂ ಅವಳ ಬೂಟು ನನ್ನ ಯಂತ್ರದ ಕೆಳಗೇ ಇರುತ್ತಿತ್ತು.

ಬೆಳ್ಳಿಗೆರೆ ಬಂದಾಗ ಹಣೆಯಿಂದ ಮೂತಿಯವರೆಗೆ ಬಿಳಿ ಪಟ್ಟೆ ಇದ್ದ ಸೋಮಾರಿ ಮರಿ. ಚಾವಟಿಗೆ ಬಗ್ಗಲಿಲ್ಲ, ಬೆಲ್ಲಕ್ಕೂ ಬಗ್ಗಲಿಲ್ಲ. ಮಾಲೀಕರು ಮಾರಿಬಿಡಲು ಹೊರಟಿದ್ದರು. ನಮ್ಮಕ್ಕನಿಗೋ ಬಾಯಿ ಸುಮ್ಮನಿರುವುದೇ ಇಲ್ಲ. ಒಂದು ಬೆಳಿಗ್ಗೆ ಮೇಲೆ ಕೂತವಳೇ ಶುರುಮಾಡಿದಳು: “ಏನೇ ಸೋಮಾರಿ, ತಿನ್ನೋಕೆ ಮಾತ್ರ ಹುಟ್ಟಿದ್ದೀಯಾ? ನಿನಗೆ ಪಲ್ಲಕ್ಕಿ ತರಿಸ್ಲಾ? ನಡಿಯೇ, ಮೂದೇವಿ!” ಕುದುರೆ ಕಿವಿ ನೆಟ್ಟಗೆ ಮಾಡಿತು. ಆಮೇಲೆ ಓಡಿತು ನೋಡಿ, ಅಕ್ಕನ ತಲೆಯ ಮೇಲಿದ್ದ ಟೋಪಿ ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಅದೇ ಪದ್ಧತಿ. ಓಡುವಷ್ಟು ಹೊತ್ತೂ ಬೈಗುಳ. ಓಟ ಮುಗಿದ ಮೇಲೆ ಕತ್ತಿಗೆ ಎರಡು ಸಲ ತಟ್ಟಿ, “ಜಾಣೆ ಕಣೇ ನೀನು” ಎನ್ನುವುದು. ಅದು ಕೇಳಿದ್ದೇ ತಡ, ಕುದುರೆ ನಿಂತು ತಲೆ ಬಗ್ಗಿಸುತ್ತಿತ್ತು. ಇವತ್ತಿನ ಕೆಲಸ ಮುಗೀತು ಎಂದು ಅದರ ಲೆಕ್ಕ. ಅಕ್ಕ ಓಟದ ನಡುವೆ ಅಪ್ಪಿತಪ್ಪಿಯೂ ಹೊಗಳುತ್ತಿರಲಿಲ್ಲ.

ಇದನ್ನು ಜಾಕಿಗೂ ಕಲಿಸಬೇಕಾಯಿತು. ಅವನೋ ಇರುವೆಗೂ ಗಟ್ಟಿಯಾಗಿ ಮಾತಾಡದ ಮೆತ್ತನೆಯ ಮನುಷ್ಯ. ನಮ್ಮ ಅಡುಗೆಮನೆಯಲ್ಲಿ ಕೂತು, ಟೀ ಲೋಟ ಹಿಡಿದು ಅಭ್ಯಾಸ ಮಾಡುತ್ತಿದ್ದ: “ಸ್ವಲ್ಪ ಬೇಗ ಹೋಗ್ರಮ್ಮಾ.”

“ಥೂ! ಅವಳೇನು ನಿನ್ನ ಅತ್ತೆನಾ, ಬನ್ನಿ ಹೋಗಿ ಅನ್ನೋಕೆ? ಹೊಟ್ಟೆಯಿಂದ ಬೈಯೋ!” ಎಂದು ಅಕ್ಕ. ನಾನು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಿದ್ದೇನೆ. ಕೊನೆಗೂ ಕಲಿತ. ಬೆಳ್ಳಿಗೆರೆಯ ಮೇಲೆ ಕೂತು ಬೈಯುತ್ತ ಬೈಯುತ್ತ ಗೆದ್ದ, ಗೆಲ್ಲುತ್ತಲೇ ಹೋದ. ಕೆಸರಿನಲ್ಲಿ ಗೆದ್ದಳು, ಬಿಸಿಲಿನಲ್ಲಿ ಗೆದ್ದಳು, ಒಮ್ಮೆ ಲಾಳ ಕಳಚಿದ ಕಾಲಿನಲ್ಲಿ ಗೆದ್ದಳು. ಅವಳು ಓಡುವ ದಿನ ಊರಿನ ಅಂಗಡಿಗಳ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಮಾಲೀಕರು ಎಲ್ಲ ಕಡೆ ತಮ್ಮ ಕಣ್ಣಿನ ಗುಣ, ತಮ್ಮ ಆಯ್ಕೆ ಎಂದು ಹೇಳಿಕೊಂಡು ತಿರುಗಿದರು. ಮಾರಲು ಹೊರಟಿದ್ದವರು ಇವರೇ ಅಲ್ಲವೇ? ಅದನ್ನು ಯಾರು ಕೇಳಬೇಕು!

ಕೊನೆಯ ರೇಸು ಎಲ್ಲಕ್ಕಿಂತ ದೊಡ್ಡದು. ಅದಾದ ಮೇಲೆ ಅವಳನ್ನು ಮರಿ ಹಾಕಿಸಲು ದೂರದ ತೋಟಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಕೊನೆಯ ತಿರುವಿನಲ್ಲಿ ಬೆಳ್ಳಿಗೆರೆ ಎಲ್ಲರನ್ನೂ ಹಿಂದೆ ಹಾಕಿ ಒಬ್ಬಳೇ ಬಂದಳು. ಗೆಲುವಿನ ಕಂಬ ಇಗೋ, ಅಷ್ಟು ಹತ್ತಿರ. ಅಲ್ಲಿ ನಿಧಾನವಾದಳು. ತಲೆ ಬಗ್ಗಿಸಿದಳು. ಹಿಂದಿದ್ದ ಕುದುರೆ ದಾಟಿ ಹೋಯಿತು.

ಆ ಸಂಜೆ ಜಾಕಿ ಲಾಯದ ಓಣಿಯಲ್ಲಿ ಅಕ್ಕನ ಕೈ ಹಿಡಿದು ಅತ್ತ. “ಅಕ್ಕಾ, ಖುಷಿ ತಡೆಯಕ್ಕಾಗ್ಲಿಲ್ಲ. ಕಂಬಕ್ಕೆ ಮುಂಚೇನೇ ಕತ್ತು ತಟ್ಟಿ ‘ಜಾಣೆ’ ಅಂದ್ಬಿಟ್ಟೆ.” ನಾನೂ ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಅದೇ ಮನುಷ್ಯ ಮರುದಿನ ಮಾಲೀಕರ ಮುಂದೆ ಏನೆಂದ ಗೊತ್ತೇ? ಕುದುರೆ ಎದೆಗುಂದಿತು, ಬೆಳಗಿನ ಸವಾರಿಯವಳು ಅತಿ ಮುದ್ದು ಮಾಡಿ ಕೆಡಿಸಿದ್ದಾಳೆ ಎಂದ! ಮುದ್ದಂತೆ! ದಿನಾ ಮೂದೇವಿ ಎನ್ನಿಸಿಕೊಂಡ ಕುದುರೆಗೆ ಮುದ್ದಂತೆ!

ಅಕ್ಕ ನಡೆದದ್ದನ್ನು ಹೇಳಿದಳು. ಮಾಲೀಕರು ನಕ್ಕರು. “ಒಂದು ಮಾತಿಗೆ ಕುದುರೆ ನಿಲ್ಲುತ್ತೇನಮ್ಮಾ? ಕಥೆ ಕಟ್ಟಬೇಡ.” ಬೇಕಾದರೆ ಪರೀಕ್ಷೆ ಮಾಡಿ ನೋಡಿ ಎನ್ನುವಷ್ಟರಲ್ಲಿ ಕುದುರೆಯನ್ನು ಲಾರಿ ಹತ್ತಿಸಿ ತೋಟಕ್ಕೆ ಕಳಿಸಿಯಾಗಿತ್ತು. ಅಕ್ಕನ ಕೆಲಸ ಹೋಯಿತು, ಮನೆಯೂ ಹೋಯಿತು. ಜಾಕಿ ಮುಂದೆ ದೊಡ್ಡ ತರಬೇತುದಾರನಾದ.

ಅಕ್ಕ ಡ್ರೈವಿಂಗ್ ಸ್ಕೂಲ್ ಸೇರಿದಳು. ಪಕ್ಕದ ಸೀಟಿನಲ್ಲಿ ಕೂತು ಕಲಿಯುವವರನ್ನು ಬೈಯುವುದೇ ಕೆಲಸ. ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆಯುವವರೆಗೆ ಯಾರನ್ನೂ ‘ಜಾಣ’ ಎನ್ನುತ್ತಿರಲಿಲ್ಲ. ತನ್ನ ಕೆಲಸ ಹೋದ ಮಾತನ್ನು ಅವಳು ಎತ್ತಿದ್ದೇ ಇಲ್ಲ. ಆದರೆ ಒಂದು ದಿನ ಕಲಿಯಲು ಬಂದ ಹುಡುಗಿಯೊಬ್ಬಳು ಏರು ಇನ್ನೇನು ಹತ್ತಿಯಾಯಿತು ಎನ್ನುವಾಗ ಗಾಡಿ ಆಫ್ ಮಾಡಿಕೊಂಡು, “ಅಯ್ಯೋ, ಬೆಳ್ಳಿಗೆರೆ ಆಗ್ಬಿಟ್ಟೆ ಆಂಟಿ” ಎಂದಳಂತೆ. ಅಕ್ಕ ಮನೆಗೆ ಬಂದು ಊಟ ಮಾಡದೆ ಗೋಡೆ ನೋಡುತ್ತ ಕೂತಳು. “ನನ್ನನ್ನ ಏನಾದ್ರೂ ಅನ್ಲಿ ಕಣೇ. ಆ ಮೂಗುಪ್ರಾಣಿ ಹೆಸರಿಗಂಟಿದ ಮಸಿ ತೊಳೆಯೋರು ಯಾರು?” ಎಂದಳು.

ಈ ವರ್ಷ ರೇಸ್ ಕ್ಲಬ್ಬಿನವರಿಗೆ ಇದ್ದಕ್ಕಿದ್ದಂತೆ ಬೆಳ್ಳಿಗೆರೆಯ ನೆನಪಾಯಿತು. ಮುದುಕಿಯಾದ ಕುದುರೆಯನ್ನು ಕರೆಸಿ, ಮೈದಾನದಲ್ಲಿ ಗೆಲುವಿನ ಕಂಬದವರೆಗೆ ನಡೆಸಿ ಸನ್ಮಾನ ಮಾಡುತ್ತಾರಂತೆ. ಅಕ್ಕನಿಗೆ ಕರೆಯಿಲ್ಲ. ನಾವು ಟಿಕೆಟ್ ಕೊಂಡು ಕಂಬಿಯ ಈಚೆ ನಿಂತೆವು. ಲಗಾಮು ಹಿಡಿದು ನಡೆಸಿಕೊಂಡು ಬಂದವನು ಅದೇ ಜಾಕಿ, ಕೋಟು ಹಾಕಿಕೊಂಡು. ಕುದುರೆಯ ಬೆನ್ನು ಬಾಗಿತ್ತು, ಬಿಳಿ ಪಟ್ಟೆ ಹಾಗೇ ಇತ್ತು. ಅಕ್ಕ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಳು.

ಮಾಲೀಕರು ಮೈಕು ಹಿಡಿದು ಭಾಷಣ ಮಾಡಿದರು. ಎಷ್ಟೆಲ್ಲ ಗೆದ್ದಳು, ಕೊನೆಗೆ ಪಾಪ ಎದೆ ಸಾಲಲಿಲ್ಲ ಎಂದರು. ಜನ ಅಯ್ಯೋ ಎಂದರು. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ಭಾಷಣ ಮುಗಿಸಿದವರು ಹೋಗುತ್ತಿದ್ದ ಕುದುರೆಯ ಜೊತೆ ನಾಲ್ಕು ಹೆಜ್ಜೆ ಹಾಕಿ, ಕ್ಯಾಮೆರಾದವರಿಗೆ ಮುಖ ಕೊಟ್ಟು, ಅದರ ಕತ್ತು ತಟ್ಟಿದರು. ಎರಡು ಸಲ. “ಜಾಣೆ ಕಣೇ ನೀನು” ಎಂದರು.

ಬೆಳ್ಳಿಗೆರೆ ನಿಂತುಬಿಟ್ಟಳು. ತಲೆ ಬಗ್ಗಿಸಿದಳು. ಕಂಬ ಅಲ್ಲೇ ಎದುರಿಗಿತ್ತು. ಜಾಕಿ ಎಳೆದ, ಮಾಲೀಕರು ತಳ್ಳಿದರು, ಊಹೂಂ. ಜನ ನಗತೊಡಗಿದರು. “ಬೆಳ್ಳಿಗೆರೆ ಮತ್ತೆ ಬೆಳ್ಳಿಗೆರೆ ಆದ್ಲು!” ಎಂದು ಯಾರೋ ಕೂಗಿದರು. ಜಾಕಿಯ ಮುಖ ಮಾತ್ರ ಸುಣ್ಣದಂತಾಗಿತ್ತು.

ಅಕ್ಕ ನನ್ನ ತೋಳು ಬಿಟ್ಟಳು. “ಏನೇ ಸೋಮಾರಿ!” ಎಂದು ಕೂಗಿದಳು. ಡ್ರೈವಿಂಗ್ ಸ್ಕೂಲಿನಲ್ಲಿ ಇಷ್ಟು ಕಾಲ ಕಾಪಾಡಿಕೊಂಡ ಗಂಟಲು ಅದು, ಮೈದಾನದ ಆ ಕೊನೆಗೂ ಕೇಳಿಸಿತು. “ಅಲ್ಲಿ ನಿಂತ್ಕೊಂಡು ಯಾರ ದಾರಿ ಕಾಯ್ತಿದ್ದೀಯಾ? ಪಲ್ಲಕ್ಕಿ ತರಿಸ್ಲಾ? ನಡಿಯೇ, ಮೂದೇವಿ!”

ಕುದುರೆಯ ಕಿವಿ ನೆಟ್ಟಗಾಯಿತು. ನಡೆಯಿತು, ಆಮೇಲೆ ಆ ಮುದಿ ಕಾಲಿನಲ್ಲೇ ಓಡಿತು, ಜಾಕಿಯನ್ನೂ ಎಳೆದುಕೊಂಡು. ಅಕ್ಕ ಕಂಬಿಯ ಈಚೆಯಿಂದ ಬೈಯುತ್ತ ಜೊತೆಗೇ ಓಡಿದಳು. ಕಂಬ ದಾಟಿದ ಮೇಲೆ ಅಕ್ಕ ಕಂಬಿಯ ಕೆಳಗೆ ನುಸುಳಿ ಹೋಗಿ ಅದರ ಕತ್ತು ತಟ್ಟಿ, ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳಿದಳು. ಕುದುರೆ ನಿಂತಿತು. ಈಗ ಯಾರೂ ನಗಲಿಲ್ಲ.

ಮಾಲೀಕರು ಏದುಸಿರು ಬಿಡುತ್ತ ಬಂದರು. ಮೈಕು ಇನ್ನೂ ಕೈಯಲ್ಲೇ ಇತ್ತು. “ಅವತ್ತು ನೀನು ಅಂದಿದ್ದೂ ಇದೇನಾ?” ಎಂದು ಜಾಕಿಯನ್ನು ಕೇಳಿದರು.

“ಹೌದು ಸಾರ್. ಕಂಬಕ್ಕೆ ಮುಂಚೇನೇ ಅಂದ್ಬಿಟ್ಟೆ.” ಅದು ಮೈಕಿನಲ್ಲಿ ಮೈದಾನಕ್ಕೆಲ್ಲ ಕೇಳಿಸಿತು.

ಜಾಕಿ ಅಕ್ಕನತ್ತ ತಿರುಗಿ ಕೈಮುಗಿದ. “ಅಕ್ಕಾ, ನಿಮ್ಮ ಕೆಲಸ ಕಳೆದೆ. ತಪ್ಪಾಯ್ತು.”

“ನನ್ನ ಕೆಲಸ ಹಾಳಾಗಿ ಹೋಗ್ಲಿ!” ಎಂದಳು ಅಕ್ಕ. “ಹೇಳಿದ ಮಾತು ಕೇಳಿದ್ಲು ಕಣೋ ಇವಳು. ನೀನು ನಿಲ್ಲು ಅಂದೆ, ನಿಂತ್ಲು. ಅದಕ್ಕೆ ಹೇಡಿ ಅನ್ನಿಸ್ಕೊಂಡ್ಲು. ತಪ್ಪಾಯ್ತು ಅಂತ ಇವಳಿಗೆ ಹೇಳು.”

ಅವನು ಕುದುರೆಯ ಮುಂದೆ ಹೋಗಿ ನಿಂತ. ಕಣ್ಣು ಒರೆಸಿಕೊಂಡು ಅದರ ಕತ್ತಿನ ಕಡೆ ಕೈ ಎತ್ತಿದ.

ಅಕ್ಕ ಆ ಕೈಯನ್ನು ಹಿಡಿದುಕೊಂಡಳು. “ಬೈದರೂ ಬೈಯಿ,” ಎಂದಳು. “ಹೊಗಳಬೇಡ.”