ಐದು ಸಹಿಯ ಮಹಜರು

ಅಕ್ಕ ಗಂಡನ ಮನೆ ಬಿಟ್ಟು ಬಂದಾಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಮಾತಾಡಿ ಗೆಲ್ಲುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯ ಬಸ್ ನಿಲ್ದಾಣದಿಂದ ಅವಳು ಒಬ್ಬಳೇ ನಡೆದು ಬಂದಳು. ಎಡ ಮಣಿಕಟ್ಟಿಗೆ ಹಳೇ ಸೀರೆಯ ಪಟ್ಟಿ ಸುತ್ತಿಕೊಂಡಿದ್ದಳು. ಭಾವನಿಗೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಬೆಲ್ಟಿನ ತುಂಡಿನಿಂದ ಹೊಡೆದಿದ್ದ.

ಅವಳು ಹೀಗೆ ಬಂದದ್ದು ಅದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಅಪ್ಪನೇ ಹೋಗಿ ಬಿಟ್ಟು ಬಂದಿದ್ದರು.

"ಒಂದು ತಿಂಗಳು ಇರ್ಲಿ. ಆಮೇಲೆ ನಾನೇ ಕರ್ಕಂಡು ಹೋಗಿ ಬುದ್ಧಿ ಹೇಳಿ ಬಿಟ್ಟು ಬರ್ತೀನಿ" ಅಂದರು ಅಪ್ಪ.

"ಬುದ್ಧಿ ಯಾರಿಗಪ್ಪಾ, ಅವರಿಗೋ ಇವಳಿಗೋ?"

"ಇಬ್ರಿಗೂ. ನಿನ್ನ ಮದ್ವೆ ಬ್ಯಾರೆ ಆಗ್ಬೇಕೈತೆ. ಮನೇಲಿ ಇಂಥದ್ದೊಂದು ಇಟ್ಕಂಡು ಯಾರ ಮನೆ ಬಾಗ್ಲಿಗೆ ಹೋಗ್ಲಿ?"

ಇಂಥದ್ದೊಂದು. ಅಕ್ಕ ಅಲ್ಲೇ ಕೂತು ಒಂದೇ ಕೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಮದುವೆಗಾಗಿ ಅವಳು ಏಟು ತಿನ್ನಬೇಕು ಎಂಬ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ, ಮನೆಯಲ್ಲೇ ಕೇಳಿದೆ.

ಪೊಲೀಸ್ ಠಾಣೆಗೂ ಹೋಗಿದ್ದೆವು. ಗಂಡ ಹೆಂಡಿರ ವಿಷಯ, ರಾಜಿ ಮಾಡಿಕೊಳ್ಳಿ ಅಂದರು. ಡಾಕ್ಟರು ಕೈ ನೋಡಿ ಕಟ್ಟು ಹಾಕಿದರು, ಆದರೆ ಗಾಯದ ಬಗ್ಗೆ ಬರೆದುಕೊಡಿ ಅಂದರೆ ಪೊಲೀಸರ ಚೀಟಿ ತನ್ನಿ ಅಂದರು. ಚೀಟಿ ಕೇಳಿದರೆ ಪೊಲೀಸರು ಮತ್ತೆ ರಾಜಿ ಅಂದರು.

ಅಷ್ಟರಲ್ಲಿ ನಮ್ಮ ಕಾಲೇಜಿನ ಮೇಡಂ ಒಬ್ಬರು ಒಂದು ದಾರಿ ತೋರಿಸಿದರು. ಜಿಲ್ಲಾ ಕೇಂದ್ರದಲ್ಲಿ ಬಾಲವಾಡಿ ಶಿಕ್ಷಕಿಯರಿಗೆ ಒಂದು ವರ್ಷದ ತರಬೇತಿ. ಊಟ, ವಸತಿ ಅಲ್ಲೇ, ಮುಗಿದ ಮೇಲೆ ಕೆಲಸ. ಅರ್ಜಿಗೆ ಇನ್ನು ಹನ್ನೆರಡು ದಿನ ಇತ್ತು. ಆ ಸೀಟು ಸಿಕ್ಕರೆ ಅಕ್ಕ ಉಳಿಯುತ್ತಾಳೆ, ಇಲ್ಲದಿದ್ದರೆ ಅಪ್ಪ ಅವಳನ್ನು ಮತ್ತೆ ಜಗಳೂರು ಬಸ್ಸಿಗೆ ಹತ್ತಿಸುತ್ತಾರೆ. ಲೆಕ್ಕ ಅಷ್ಟೇ.

ಅರ್ಜಿಯಲ್ಲಿ ಮೂರು ಕಾಲಂ ಇದ್ದವು. ಅವಿವಾಹಿತೆ, ವಿಧವೆ, ಪರಿತ್ಯಕ್ತೆ. ಅರ್ಜಿ ಕೊಡುವ ಕಚೇರಿಯ ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಮೂರನೆಯದರ ಮೇಲೆ ಬೆರಳಿಟ್ಟರು.

"ಇದಕ್ಕೆ ಗಂಡನ ಊರಿಂದ ಮಹಜರು ತರ್ರಿ. ಗಂಡ ಬಿಟ್ಟಾನೆ ಅಂತ ಐದು ಜನ ಸಹಿ ಹಾಕ್ಬೇಕು."

"ಅವರು ಬಿಟ್ಟಿಲ್ಲ ಸಾರ್, ಹೊಡೀತಾರೆ. ಅದಕ್ಕೇ ಇವಳು ಬಂದಿದಾಳೆ."

"ಹೊಡ್ಯೋದು ಬ್ಯಾರೆ, ಬಿಡೋದು ಬ್ಯಾರೆ ಕಣಮ್ಮ. ಹೊಡೀತಾನೆ ಅಂದ್ರೆ ಇನ್ನೂ ಇಟ್ಕಂಡಾನೆ ಅಂತ್ಲೇ ಆತಲ್ಲ."

"ಇಲ್ಲೇ ಚನ್ನಗಿರೀಲಿ ಬರೆಸಿಕೊಟ್ರೆ?"

"ಆತ ಚಿತ್ರದುರ್ಗ ಜಿಲ್ಲೆಯೋನು, ನೀವು ಶಿವಮೊಗ್ಗ ಜಿಲ್ಲೆ. ಇಲ್ಲಿಯೋರಿಗೆ ಅಲ್ಲಿಯ ಗಂಡ ಹೆಂಗೆ ಕಾಣ್ತಾನೆ?"

ಸರ್ಕಾರಕ್ಕೆ ಹೆಣ್ಣುಮಕ್ಕಳಿಗೆ ನೆರಳು ಕೊಡುವ ಮನಸ್ಸೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಇತ್ತು. ಆದರೆ ಗಂಡ ಸತ್ತಿರಬೇಕು, ಇಲ್ಲವೇ ಅವನೇ ಬೇಡ ಅಂದಿರಬೇಕು. ಬೇಡ ಅನ್ನುವ ಅಧಿಕಾರವೂ ಅವನದೇ. ಜೀವ ಉಳಿಸಿಕೊಳ್ಳಲು ಎದ್ದು ಬಂದವಳನ್ನು ಆ ಹಾಳೆ ತಯಾರಿಸಿದವರು ಊಹಿಸಿಯೂ ಇರಲಿಲ್ಲ. ಊಹಿಸಿದ್ದರೂ ಅಂಥವಳಿಗೆ ಅನ್ನ ಹಾಕಬಾರದು ಎಂದೇ ಬಿಟ್ಟಿದ್ದರೋ ಏನೋ. ಈ ಎರಡನೆಯದೇ ಇರಬೇಕೆಂದು ನನ್ನ ಅನುಮಾನ.

ಅಪ್ಪನಿಗೆ ಹೇಳದೆ ಇಬ್ಬರೂ ಹೊರಟೆವು. ದಾವಣಗೆರೆಯಲ್ಲಿ ಬಸ್ ಬದಲಾಯಿಸಿ ಜಗಳೂರಿನವರೆಗೂ ನಾನು ಮನಸ್ಸಿನಲ್ಲಿ ಪ್ರಶ್ನೆಗಳನ್ನು ಜೋಡಿಸುತ್ತಲೇ ಇದ್ದೆ. ಅಕ್ಕ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಳು. "ಸುಮ್ನಿರು ಅಕ್ಕ, ಎಲ್ಲಾ ನಾನು ನೋಡ್ಕಂತೀನಿ" ಅಂದೆ.

ಪಂಚಾಯಿತಿ ಕಟ್ಟೆಯ ಮೇಲೆ ಗ್ರಾಮ ಲೆಕ್ಕಿಗರು ಕಾಗದ ಹಿಡಿದು ಕೂತರು. ಊರವರು ಐದು ಜನ ಬಂದರು. ಐವರ ಮನೆಯ ಜೋಳವೂ ಭಾವನ ಗಿರಣಿಯಲ್ಲೇ ಹಿಟ್ಟಾಗುತ್ತಿತ್ತು. ಭಾವ ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ ಬಂದು ನಿಂತ. ಮುಂದೆ ನಿಂತವಳು ನಾನು, ಹಿಂದೆ ಅಕ್ಕ.

"ಭಾವ, ಒಂದೇ ಮಾತು ಕೇಳ್ತೀನಿ. ಅಕ್ಕನ್ನ ನೀವು ಮನೆಯಿಂದ ಹೊರಗೆ ಹಾಕಿದ್ರೋ ಇಲ್ವೋ?"

ಹೌದು ಅಂದರೆ ಮಹಜರು ನಮ್ಮದು. ಇಲ್ಲ ಅಂದರೆ ಹಾಗಾದರೆ ಯಾಕೆ ಬಂದಳು ಎಂದು ಬೆಲ್ಟಿನ ಹತ್ತಿರ ಎಳೆದುಕೊಂಡು ಹೋಗುವುದು. ಎರಡು ಕಡೆಯೂ ಬಾಗಿಲು ಹಾಕಿದ್ದೇನೆ ಅಂದುಕೊಂಡಿದ್ದೆ.

"ಇಲ್ಲ" ಅಂದ.

"ಹಂಗಾದ್ರೆ ಯಾಕೆ ಬಂದ್ಲು?"

"ಅದು ಆಕೆಗೇ ಗೊತ್ತು. ನಾನು ಹೋಗು ಅಂದಿಲ್ಲ. ಬಾಗ್ಲು ತೆಗೆದೇ ಐತೆ, ಇವತ್ತೇ ಬರ್ಲಿ."

"ಹೊಡೆದಿಲ್ವಾ ನೀವು?"

"ಇಲ್ಲಪ್ಪ."

"ಮಣಿಕಟ್ಟು ತಾನಾಗೇ ಊದಿಕೊಳ್ತಾ?"

"ಸಿಟ್ಟಿನಾಗೆ ಎಲ್ಡು ಏಟು ಬಿದ್ದಿರ್ಬೋದು. ಹೊಡೆದೆ ಅಂದ್ರೆ ಬಿಟ್ಟೆ ಅಂತೇನು?"

"ಈಗ ತಾನೇ ಹೊಡೆದಿಲ್ಲ ಅಂದ್ರಲ್ಲ, ಯಾವುದು ಸುಳ್ಳು?"

ಐವರಲ್ಲಿ ಒಬ್ಬ ನಕ್ಕ. "ನಾದಿನಿ ವಕೀಲಿಕೆ ಜೋರೈತೆ ಬಿಡಪ್ಪ. ನೀನು ಹೊಡೆದಿದ್ದಕ್ಕಿಂತ ಜೋರಾಗಿ ಹೊಡೀತಾಳೆ." ಎಲ್ಲರೂ ನಕ್ಕರು. ಭಾವನ ಮುಖ ಕೆಂಪಾಯಿತು. ಅವನ ಸುಳ್ಳನ್ನು ಐದು ಜನರೆದುರು ಹಿಡಿದೆ ಎಂದು ನಾನು ಒಳಗೇ ಬೀಗಿದೆ.

ಲೆಕ್ಕಿಗರು ಆ ಹೊತ್ತಿಗೆ ಬರೆದು ಮುಗಿಸಿದ್ದರು. ಓದಿದರು. "ಸದರಿ ಗಂಡನು ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿರುವುದಿಲ್ಲ. ಕರೆದುಕೊಳ್ಳಲು ಸಿದ್ಧನಿರುತ್ತಾನೆ. ಹೆಂಡತಿಯು ಸ್ವಇಚ್ಛೆಯಿಂದ ತವರಿನಲ್ಲಿರುತ್ತಾಳೆ."

ಆ ಮೊದಲ ವಾಕ್ಯವನ್ನು ಅವನ ಬಾಯಿಂದ ಹೊರಡಿಸಿದವಳು ನಾನೇ. ಮೂವರು ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಭಾವ ಅಕ್ಕನ ಚೀಲಕ್ಕೆ ಕೈ ಹಾಕಿದ. ಅವಳು ಚೀಲ ಕಿತ್ತುಕೊಂಡು "ಬರಲ್ಲ" ಅಂದಳು. ಆ ದಿನ ಆ ಕಟ್ಟೆಯಲ್ಲಿ ಅವಳಾಡಿದ್ದು ಅದೊಂದೇ ಮಾತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ಹೇಳಿದಳು. "ಹೋದ ವರ್ಷ ಎಲ್ಡು ದಿನ ಹೊರಗೆ ಹಾಕಿ ಅಗುಳಿ ಹಾಕ್ಕಂಡಿದ್ದ. ಆ ಐದು ಜನ್ದಾಗೆ ಕೊನೇಗೆ ಕುಂತಿದ್ನಲ್ಲ ಮುದುಕ, ಅವ್ನ ಜಗಲಿ ಮೇಲೇ ಮಲಗಿದ್ದೆ. ಅವ್ನ ಸೊಸೆ ಮುದ್ದೆ ಕೊಟ್ಲು."

ನಾನು ಸೀಟಿನಲ್ಲೇ ಅವಳ ಕಡೆ ತಿರುಗಿದೆ. "ಅಲ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಬಾಯಿ ಮುಚ್ಬೇಕಲ್ಲ."

ಮಹಜರು ನೋಡಿ ಅರ್ಜಿಯನ್ನು ತಿರಸ್ಕರಿಸಿದರು. ಅಪ್ಪನ ಒಂದು ತಿಂಗಳು ಮುಗಿಯುವ ಮೊದಲೇ ಅಕ್ಕ ಹೊನ್ನಾಳಿಯ ಮೇಲೆ ಹಾದು ನ್ಯಾಮತಿಗೆ ಹೋದಳು. ಅಲ್ಲಿ ಹುಡುಗಿಯರ ಹಾಸ್ಟೆಲ್ಲೊಂದಕ್ಕೆ ಅಡಿಗೆಯವಳು ಬೇಕಾಗಿತ್ತು. ವಾರ್ಡನ್ನರು ಕಾಗದ ಕೇಳಲಿಲ್ಲ, ನಲವತ್ತು ಜನಕ್ಕೆ ಮಾಡಲು ಬರುತ್ತದಾ ಎಂದಷ್ಟೇ ಕೇಳಿದರಂತೆ. ಮಲಗಲು ದಿನಸಿ ಕೋಣೆ. ಮಾರನೇ ವರ್ಷ ಮತ್ತೆ ಅರ್ಜಿ ಹಾಕಿದಳು. ವಯಸ್ಸು ನಾಲ್ಕು ತಿಂಗಳು ಮೀರಿದೆ ಎಂದು ಉತ್ತರ ಬಂತು. ಆ ನಾಲ್ಕು ತಿಂಗಳನ್ನು ತಿಂದವರು ಯಾರು ಎಂದು ಕೇಳಲು ಯಾವ ಕಾಲಮ್ಮೂ ಇರಲಿಲ್ಲ.

ಮೇಲಿನವರಿಗೆ ಬರೆಯೋಣ ಎಂದು ನಾನು ಕಾಗದ ತೆಗೆದುಕೊಂಡು ನ್ಯಾಮತಿಗೆ ಹೋದೆ. ಅಕ್ಕ ಅಕ್ಕಿ ಆರಿಸುತ್ತಾ ಕೇಳಿದಳು. "ಏನಂತ ಬರೀತೀಯ?"

"ನೀನು ಹೇಳು. ನೀನು ಹೇಳಿದ್ದನ್ನೇ ಬರೀತೀನಿ."

ನನ್ನನ್ನೊಮ್ಮೆ ನಂಬದವಳ ಹಾಗೆ ನೋಡಿ ಶುರು ಮಾಡಿದಳು. ನಾಲ್ಕು ಹಾಳೆ ಆಯಿತು. ಮೊದಲ ಸಾಲಿನಲ್ಲೇ ಆ ಮುದುಕನ ಹೆಸರು, ಅವನ ಜಗಲಿ, ಆ ಎರಡು ದಿನ. ನಾನು ಒಂದು ಪದವನ್ನೂ ತಿದ್ದಲಿಲ್ಲ. ರಿಜಿಸ್ಟರ್ ಮಾಡಿ ಕಳಿಸಿದೆವು. ಮೂರು ವರ್ಷ ಕಾದೆವು, ಉತ್ತರ ಬರಲಿಲ್ಲ.