ಟವಲಿನ ಕೆಳಗಿನ ಬೆಲೆ

ನಾನು ವ್ಯಾಪಾರದಲ್ಲಿ ಸೋತು ಮತ್ತೆ ನೌಕರಿಗೆ ಬಂದೆ ಎಂದು ಮಧುಗಿರಿಯಲ್ಲಿ ಈಗಲೂ ಹೇಳುವವರಿದ್ದಾರೆ. ಅವರನ್ನು ತಿದ್ದಲು ಹೋದರೆ ಜಗಳವಾಗುತ್ತದೆ. ಜಗಳದಲ್ಲಿ ನನ್ನ ಧ್ವನಿ ನಡುಗುತ್ತದೆ, ಆಗ ಅವರು ಹೇಳಿದ್ದೇ ನಿಜವೆನಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಂಗಡಿ ನಷ್ಟದಲ್ಲಿರಲಿಲ್ಲ. ಅದನ್ನು ನಾನು ಸಿಟ್ಟಿನಿಂದ ಮಾರಿದೆ.

ಮೈಸೂರಿನಲ್ಲಿ ಬಿ.ಎ. ಮುಗಿಸಿದ ಮೇಲೆ ಮಧುಗಿರಿಯ ಒಂದು ಅಡಮಾನ ಸಹಕಾರ ಸಂಘದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಜಮೀನು ಅಡವಿಟ್ಟು ಸಾಲ ಕೇಳಲು ಬಂದವರನ್ನು ಮೇಜಿನ ಎದುರು ಕೂರಿಸಿಕೊಂಡು, ಯಾವ ಹೊಲ, ಯಾತಕ್ಕಾಗಿ, ಎಷ್ಟು ಎಂದು ಕೇಳಿ, ಪತ್ರವನ್ನು ಅವರಿಗೆ ಓದಿ ಹೇಳುವುದು ನನ್ನ ಕೆಲಸ. ಮನೆಯಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ. ಆ ಮೇಜಿನ ಮುಂದೆ ಮಾತ್ರ ನನಗೆ ಮಾತು ತಡೆಯುತ್ತಿರಲಿಲ್ಲ.

ಆಗ ಶಿರಾದಲ್ಲಿದ್ದ ನಮ್ಮ ತಾತ, ಅಮ್ಮನ ಅಪ್ಪ, ತೀರಿಕೊಂಡರು. ಅವರಿಗೆ ಗಂಡುಮಕ್ಕಳಿರಲಿಲ್ಲ. ತಮ್ಮ ಕಂಬಳಿ ಅಂಗಡಿಯನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದರು. ಯುದ್ಧದ ಕಾಲ, ಸೈನ್ಯಕ್ಕೆ ಎಷ್ಟು ಕಂಬಳಿ ಇದ್ದರೂ ಬೇಕಾಗಿತ್ತು. ಸಂಘಕ್ಕೆ ರಾಜೀನಾಮೆ ಕೊಟ್ಟು, ಅಮ್ಮನನ್ನು ಕರೆದುಕೊಂಡು ಶಿರಾಕ್ಕೆ ಹೋದೆ. ಯಜಮಾನಿಕೆ ಎಂದರೆ ನಾನು ಹೇಳಿದ್ದು ನಡೆಯುವುದು ಎಂದು ತಿಳಿದಿದ್ದೆ.

ಮೊದಲ ಸಂತೆಯ ದಿನ ಹುಲಿಕುಂಟೆಯ ಕಡೆಯ ಮುದುಕ ನೇಕಾರರೊಬ್ಬರು ನಾಲ್ಕು ಕಂಬಳಿ ತಂದು ನನ್ನ ಮುಂದೆ ಹಾಸಿದರು. ನಾನು ಮುಟ್ಟಿ ನೋಡಿ ಬೆಲೆ ಹೇಳಿದೆ. ಅಕ್ಕಪಕ್ಕದ ಅಂಗಡಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುದುಕರು ಕಂಬಳಿಗಳನ್ನು ಗಡಿಬಿಡಿಯಿಂದ ಮಡಚಿಕೊಂಡರು.

"ಏನವ್ವಾ ಇಂಗ್ ಮಾಡ್ಬುಟ್ಟೆ! ಬೆಲೆ ಬಾಯಾಗ್ ಹೇಳ್ತಾರಾ? ನಾಕ್ ಜನ ಕೇಳುಸ್ಕಂಡ್ರೆ ನನ್ ಕಂಬ್ಳಿಗೆ ಏನ್ ಮರ್ವಾದಿ ಉಳೀತು?"

ಆ ಪೇಟೆಯಲ್ಲಿ ಬೆಲೆ ಟವಲಿನ ಕೆಳಗೆ ಆಗಬೇಕು. ಕೊಳ್ಳುವವನೂ ಮಾರುವವನೂ ಟವಲಿನೊಳಗೆ ಕೈ ಸೇರಿಸಿ, ಬೆರಳು ಹಿಡಿದು, ಒತ್ತಿ, ಬಿಟ್ಟು ಚೌಕಾಸಿ ಮಾಡುತ್ತಾರೆ. ಅಲ್ಲಿ ಆದ ಬೆಲೆಯನ್ನು ಇಬ್ಬರೂ ಆಮೇಲೆ ಯಾರಿಗೂ ಹೇಳುವುದಿಲ್ಲ. ಪರಗಂಡಸಿನ ಕೈಯನ್ನು ಟವಲಿನ ಕೆಳಗೆ ಹಿಡಿಯುವ ಹೆಂಗಸನ್ನು ಆ ಪೇಟೆ ಕಂಡಿರಲಿಲ್ಲ. ನಾನು ಕೈ ಚಾಚಿದರೂ ಯಾರೂ ಹಿಡಿಯುತ್ತಿರಲಿಲ್ಲ.

ಅಮ್ಮನ ದಾಯಾದಿ ತಮ್ಮ, ನನಗೆ ಮಾವನಾಗಬೇಕಾದವರು, ಮುಂದೆ ಬಂದರು. "ನಿನ್ ಬಿ.ಎ. ಇಲ್ಲಿ ನಡೆಯಕಿಲ್ಲ ಕಣಮ್ಮ. ನೀನು ಗಾದಿ ಮೇಲೆ ಕೂತ್ಕೋ, ನಾನು ಕೈ ಕೊಡ್ತೀನಿ."

ಒಂದು ವರ್ಷ ಅವರು ಕೈ ಕೊಟ್ಟರು. ಟವಲಿನಿಂದ ಕೈ ತೆಗೆದು ನನ್ನ ಕಿವಿಯಲ್ಲಿ ಬೆಲೆ ಹೇಳುವರು, ನಾನು ಅಷ್ಟು ಎಣಿಸಿ ಅವರ ಕೈಗೆ ಕೊಡುವೆ, ಅವರು ನೇಕಾರನಿಗೆ ಕೊಡುವರು. ಬೋರ್ಡಿನ ಮೇಲೆ ನನ್ನ ಹೆಸರಿತ್ತು.

ಒಂದು ಮಧ್ಯಾಹ್ನ ಆ ಮುದುಕರ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದರು. ಹೆಂಗಸರಿಗೆ ಟವಲಿನ ಗುಟ್ಟು ಕಾಯುವ ಹಂಗಿಲ್ಲ. "ನಿನ್ ತಾತನ್ ಕಾಲ್ದಾಗೆ ಇಂಗಿರ್ಲಿಲ್ಲ ಕಣವ್ವಾ. ನಾಕ್ ಕಂಬ್ಳಿ ಕೊಟ್ರೆ ಮೂರರ ದುಡ್ಡು ಮನೆಗ್ ಬತ್ತದೆ. ಓದ್ದೋಳು ನೀನು, ಬಡವರ ಹೊಟ್ಟೆ ಮ್ಯಾಲೆ ಹೊಡೀತೀಯಲ್ಲ," ಎಂದರು. ನಾನು ನಾಲ್ಕಕ್ಕೂ ದುಡ್ಡು ಎಣಿಸಿ ಮಾವನ ಕೈಗೆ ಕೊಟ್ಟಿದ್ದೆ.

ಮಾವನನ್ನು ಕೇಳಿದೆ. ಅವರು ನಾಚಲಿಲ್ಲ. "ಟವಲ್ ಕೆಳಗಿಂದು ಟವಲ್ ಕೆಳಗೇ ಇರ್ಬೇಕಮ್ಮ. ಕೈ ಕೊಡೋನಿಗೆ ಏನೂ ಬ್ಯಾಡ್ವಾ?"

ಮುಂದಿನ ಸಂತೆಗೆ ಮಾವನನ್ನು ಬರಬೇಡಿ ಎಂದೆ. ಒಂದೊಂದು ಬಗೆಯ ಕಂಬಳಿಗೂ ಬೆಲೆಯನ್ನು ಸ್ಲೇಟಿನ ಮೇಲೆ ಬರೆದು ಬಾಗಿಲಲ್ಲಿ ತೂಗುಹಾಕಿದೆ. ಯಾರೂ ಬರಲಿಲ್ಲ. ಅದರ ಮುಂದಿನ ಸಂತೆಗೂ ಬರಲಿಲ್ಲ. ಮೋಸ ಹೋಗಿದ್ದ ಆ ಮುದುಕರೂ ಸ್ಲೇಟಿನಿಂದ ಮುಖ ತಿರುಗಿಸಿ, ಎದುರು ಅಂಗಡಿಯ ಸಾಹೇಬರ ಟವಲಿನೊಳಗೆ ಕೈ ಇಟ್ಟರು. ಮಾವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವರ ಮೇಲೆ ಬಂತು. ಅದು ನ್ಯಾಯವೇ ಎಂದು ನಾನು ಹೇಳುವುದಿಲ್ಲ.

ಆ ಸಿಟ್ಟಿನಲ್ಲೇ ಅಂಗಡಿಯನ್ನು ಮಾರಿದೆ, ಕೊಂಡವರು ಆ ಸಾಹೇಬರೇ. "ನಿಮ್ಮ ಮಾವನ ಬೆರಳಿಗೆ ಎರಡು ನಾಲಿಗೆ, ಬೇಟಿ. ಪೇಟೆಗೆಲ್ಲ ಗೊತ್ತಿತ್ತು," ಎಂದರು.

"ಗೊತ್ತಿದ್ದರೆ ನನಗೇಕೆ ಹೇಳಲಿಲ್ಲ?"

"ತೋಬಾ! ಟವಲಿನ ಬಾತ್ ಆಚೆ ತಂದ್ರೆ ನಮ್ಮ ದಂಧೆ ಏನಾಗ್ಬೇಕು?"

ಪೇಟೆಗೆಲ್ಲ ಗೊತ್ತಿತ್ತು. ಯಜಮಾನಿಗೆ ಮಾತ್ರ ಗೊತ್ತಿರಲಿಲ್ಲ.

ಮಧುಗಿರಿಗೆ ಬಂದು ಸಂಘದ ಕಾರ್ಯದರ್ಶಿಗಳನ್ನು ಕಂಡೆ. ಅವರಿಗೆ ಸಂತೋಷವೇ ಆಯಿತು, ಆದರೆ ಕರುಣೆ ಬೆರೆತ ಸಂತೋಷ. "ಪಾಪ, ಕೈ ಸುಟ್ಟುಕೊಂಡಿರಿ. ಒಳಕೋಣೆಯಲ್ಲಿ ಪತ್ರಗಳ ನಕಲು ಮಾಡಿಕೊಂಡು ಆರಾಮಾಗಿರಿ. ಜನರ ಗಲಾಟೆ ನಿಮಗೇಕೆ?"

"ನನಗೆ ಹಳೆಯ ಮೇಜು ಬೇಕು. ಇಲ್ಲವಾದರೆ ಕೆಲಸವೇ ಬೇಡ," ಎಂದೆ.

ಅವರು ನನ್ನನ್ನು ನೋಡಿ, ಗಡಿಯಾರವನ್ನು ನೋಡಿ, ಒಂದು ತಿಂಗಳು ನೋಡೋಣ ಎಂದರು. ಮೇಜು ಉಳಿದರೆ ನಾನು ಇರುತ್ತೇನೆ, ಹೋದರೆ ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿಟ್ಟೆ.

ಮೊದಲ ವಾರದಲ್ಲೇ ಮಿಡಿಗೇಶಿಯ ಕಡೆಯ ರೈತರೊಬ್ಬರು ಬಾವಿ ತೋಡಿಸಲು ಸಾಲ ಕೇಳಿ ಬಂದರು. ಜೊತೆಗೆ ಅವರ ಊರಿನ ಶಾನುಭೋಗರು. ನಾನು ಕೇಳಿದ್ದಕ್ಕೆಲ್ಲ ಶಾನುಭೋಗರೇ ಉತ್ತರ ಕೊಟ್ಟರು. ನನಗೆ ಮಾವ ಕಿವಿಯ ಹತ್ತಿರ ಬಗ್ಗಿದಂತಾಯಿತು.

"ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಅವರೇ ಹೇಳಲಿ."

"ನನ್ನ ಕಳ್ಳ ಅಂದ್ಕೊಂಡ್ರೇನಮ್ಮ?"

"ಹೌದು," ಎಂದೆ.

ಶಾನುಭೋಗರು ಎದ್ದು ಹೊರಗೆ ಹೋದರು. ರೈತರು ನನ್ನ ಕಡೆ ತಿರುಗಿದರು. "ಸ್ವಾಮೇರು ಒಳ್ಳೇವ್ರು ಕಣವ್ವಾ, ನೀನ್ಯಾಕಂಗ್ ಗದರ್ತೀಯ?" ಕೇಳಿ ಕೇಳಿ ಬಾಯಿ ಬಿಡಿಸಿದೆ. ಅವರು ಹೇಳಿದ ಮೊತ್ತವೂ ಶಾನುಭೋಗರು ಬರೆದದ್ದೂ ಒಂದೇ. ನನಗೆ ನಾಚಿಕೆಯಾಯಿತು. ಆದರೂ ಪತ್ರವನ್ನು ಓದಿ ಹೇಳಿದೆ. ಎರಡನೆಯ ಹೊಲದ ವಿವರ ಬಂದಾಗ ಅವರು ನನ್ನನ್ನು ತಡೆದರು.

"ಅದ್ಯಾಕ್ ಬಂತವ್ವ? ಬಾವಿ ತೋಡೋದು ಬೆದ್ಲು ಹೊಲ್ದಾಗೆ. ಮನೆ ತಾವಿನ್ ಹೊಲ ಅಡ ಇಟ್ಟಿಲ್ವಲ್ಲ ನಾನು?"

ಪತ್ರದ ಪ್ರಕಾರ ಇಟ್ಟಿದ್ದರು. ಒಂದು ಹೊಲದ ಬೆಲೆ ಸಾಲಕ್ಕೆ ಸಾಲದೆಂದು ಶಾನುಭೋಗರು ಎರಡನ್ನೂ ಬರೆದಿದ್ದರು. ಅದು ರೈತರಿಗೆ ತಿಳಿದೇ ಇದೆ ಎಂದುಕೊಂಡಿದ್ದರು. ಮೋಸ ಯಾರೂ ಮಾಡಿರಲಿಲ್ಲ. ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ಅಂಗಾದ್ರೆ ಇವತ್ತು ಬ್ಯಾಡ. ಮನೇಲಿ ಕೇಳ್ಕಂಡ್ ಬತ್ತೀನಿ," ಎಂದು ಎದ್ದು ಹೋದರು.

ಕಾರ್ಯದರ್ಶಿಗಳು ಕೆಂಪಾದರು. ಬಂದ ಸಾಲಗಾರನನ್ನು ಓಡಿಸಿದೆನಂತೆ, ಶಾನುಭೋಗರಿಗೆ ಅವಮಾನ ಮಾಡಿದೆನಂತೆ. ಎರಡನೆಯದು ನಿಜ. ಶಾನುಭೋಗರ ಬಳಿ ಹೋಗಿ ಕ್ಷಮೆ ಕೇಳಿದೆ. ಮೊದಲನೆಯದಕ್ಕೆ ಕೇಳಲಿಲ್ಲ. "ಸೋಮವಾರದಿಂದ ಒಳಗೆ ಕೂತುಕೊಳ್ಳಿ," ಎಂದರು ಕಾರ್ಯದರ್ಶಿಗಳು. "ಸೋಮವಾರ ರಾಜೀನಾಮೆ ತರುತ್ತೇನೆ," ಎಂದೆ.

ಬರೆದು ತಂದೂ ಇದ್ದೆ. ಬಾಗಿಲಲ್ಲಿ ಆ ರೈತರು ಹೆಂಡತಿಯೊಡನೆ ನಿಂತಿದ್ದರು. ಕಾರ್ಯದರ್ಶಿಗಳು ಅವರನ್ನು ನನ್ನ ಕೆಲಸಕ್ಕೆ ಗೊತ್ತುಮಾಡಿದ್ದ ಹೊಸ ಗುಮಾಸ್ತನ ಕಡೆ ಕರೆಯುತ್ತಿದ್ದರು. ಸಾಲ ಕಡಿಮೆ ಮಾಡಿ, ಒಂದೇ ಹೊಲ ಇಡುವುದೆಂದು ಗಂಡಹೆಂಡಿರು ತೀರ್ಮಾನಿಸಿ ಬಂದಿದ್ದರಂತೆ.

"ಈವಯ್ಯ ಬ್ಯಾಡ ಬುಡಿ ಸ್ವಾಮಿ," ಎಂದಳು ಹೆಂಡತಿ. "ಆ ಗದರೋ ಅವ್ವ ಎಲ್ಲೈತೆ? ಅವ್ಳೇ ಓದ್ಲಿ. ಅವ್ಳು ಓದ್ದೆ ಹೋದ್ರೆ ನಾವು ಹೆಬ್ಬೆಟ್ಟು ಒತ್ತಾಕಿಲ್ಲ."

ಕಾರ್ಯದರ್ಶಿಗಳು ನನ್ನ ಮುಖ ನೋಡದೆ ಮೇಜಿನ ಕಡೆ ಕೈ ತೋರಿಸಿದರು. ನಾನೂ ಅವರಿಗೆ ವಂದನೆ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಆಕೆಯನ್ನು ಕೂರಲು ಹೇಳಿದೆ, ಮೊದಲನೆಯ ಸಾಲಿನಿಂದ ಓದತೊಡಗಿದೆ.