ನನ್ನ ತೊಟ್ಟಿಲಲ್ಲಿ ಮೊದಲು ಮಲಗಿದ ಗುಂಡುಕಲ್ಲು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕನ ಮಗಳ ನಾಮಕರಣ ಬಂಗಾರಪೇಟೆಯ ನಮ್ಮ ಮನೆಯಲ್ಲೇ ಆಯಿತು. ಮಗುವಿಗೆ ಸೋದರಮಾವ ಅಂತ ಇರುವವನು ನಾನೊಬ್ಬನೇ. ಏನು ಕೊಡ್ತೀಯ ಅಂತ ಎಲ್ಲರೂ ಕೇಳುತ್ತಿದ್ದರು. "ತೊಟ್ಟಿಲು. ನಾನೇ ಮಾಡ್ತೀನಿ" ಅಂದುಬಿಟ್ಟೆ.

ಮನೆಯವರೆಲ್ಲ ನಕ್ಕರು. ಅವರ ತಪ್ಪಲ್ಲ. ನನಗೆ ಬರುವುದು ಎರಡೇ ವಿದ್ಯೆ, ಮೊಬೈಲ್ ರಿಪೇರಿ ಮತ್ತು ಮಿಮಿಕ್ರಿ. ಬೂದಿಕೋಟೆ ಬಸ್ಸಿನ ಕಂಡಕ್ಟರ್, ಕುಕ್ಕರಿನ ಸೀಟಿ, ಫೋನಿನಲ್ಲಿ ಮೇಲಧಿಕಾರಿ ಸಿಕ್ಕಾಗ ನಮ್ಮ ಭಾವನಿಗೆ ಬರುವ ದನಿ, ಯಾವುದು ಬೇಕಾದರೂ ಮಾಡುತ್ತೇನೆ. ನನ್ನ ಸ್ವಂತ ದನಿಯಲ್ಲಿ ಮಾತಾಡಿದಾಗ ಮಾತ್ರ ಯಾರೂ ನಂಬುವುದಿಲ್ಲ.

ನಮ್ಮೂರ ಹತ್ತಿರದ ಉರಿಗಾಂನಲ್ಲಿ ಸೆಲ್ವಂ ಅಣ್ಣ ಅಂತ ಒಬ್ಬ ಬಡಗಿ ಇದ್ದಾರೆ, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವರು. ನನ್ನ ಅಂಗಡಿಗೆ ಫೋನ್ ತರುವವರು. ಮೊದಲು ಯಾವ ಸಾಮಾನು ಕೊಳ್ಳಬೇಕು ಅಂತ ಅವರನ್ನೇ ಕೇಳಿದೆ.

"ಒಂದು ಒಳ್ಳೆ ಉಳಿ ತಗೋ ತಂಬಿ. ಒಂದು ಗರಗಸ, ಮೂಲೆ ನೆಟ್ಟಗೈತಾ ಅಂತ ನೋಡಕ್ಕೆ ಒಂದು ಮೂಲೆಮಟ್ಟ. ಉಳಿ ಇಡಿಯಕ್ಕೆ ಕೈ ಕುಂತ್ರೆ ಮಿಕ್ಕಿದ್ದು ಆಮೇಲೆ ಪಾಕಲಾಂ, ನೋಡಾಣ."

"ಡ್ರಿಲ್ ಬೇಡ್ವಾ ಅಣ್ಣ?"

"ಅದೆಲ್ಲೂ ಓಡೋಗಲ್ಲ. ಉಳಿ ಫಸ್ಟು."

ಮನೆಗೆ ಬರುವಷ್ಟರಲ್ಲಿ ಅವರ ದನಿ ನನಗೆ ಬಂದಿತ್ತು, ಮಾತು ಮಾತ್ರ ತಲೆಗೆ ಹೋಗಿರಲಿಲ್ಲ. ಮೊಬೈಲ್ ಬಿಚ್ಚಿ ಜೋಡಿಸುವವನಿಗೆ ಸ್ಕ್ರೂ ಅಂದರೆ ದೇವರು. ಎಳ್ಳುಕಾಳಿನಷ್ಟು ಸ್ಕ್ರೂ ಫೋನನ್ನು ಹಿಡಿದಿಡುತ್ತದೆ ಅಂದಮೇಲೆ ಬೆರಳುದ್ದದ್ದು ಏನನ್ನು ತಾನೇ ಹಿಡಿಯುವುದಿಲ್ಲ? ಸೀದಾ ಹೋಗಿ ಝುಯ್ಯ್ ಅನ್ನುವ ಬ್ಯಾಟರಿ ಡ್ರಿಲ್ ತಂದೆ. ಹಲಗೆಗಳನ್ನು ಟಿಂಬರ್ ಡಿಪೋದವರೇ ಅಳತೆಗೆ ಕುಯ್ದುಕೊಟ್ಟರು. ಸುತ್ತಲಿನ ನಾಲ್ಕು ಹಲಗೆ ಜೋಡಿಸಿ, ಅಡಿಹಲಗೆಯನ್ನು ಕೆಳಗಿನಿಂದ ಸ್ಕ್ರೂ ಹೊಡೆದು ಅವಕ್ಕೆ ಕಚ್ಚಿಸಿದೆ. ಉಳಿಯ ಸುದ್ದಿಯೇ ಬೇಕಾಗಲಿಲ್ಲ. ಎರಡು ದಿನಕ್ಕೆ ತೊಟ್ಟಿಲು ತಯಾರು!

ಅಡಿಹಲಗೆಯ ಅಂಚಿನಲ್ಲಿ, ಸ್ಕ್ರೂ ಹೊಡೆದ ಸಾಲಿನಲ್ಲೇ ಕೂದಲೆಳೆಯಂಥ ಒಂದು ಗೆರೆ ಬಿದ್ದಿತ್ತು. "ಇದೇನ್ಲಾ ಗೀಟು?" ಅಂತ ಅಮ್ಮ ಕೇಳಿದಾಗ "ಮರದ ಡಿಸೈನು ಕಣಮ್ಮ" ಅಂದೆ. ತಮಾಷೆಯಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ.

ನಾಮಕರಣದ ದಿನ ತೊಟ್ಟಿಲು ತೊಲೆಗೆ ನೇತುಬಿದ್ದು ಮಿಂಚುತ್ತಿತ್ತು. ಅಕ್ಕನ ಅತ್ತೆ ಕೂಡ "ಪರ್ವಾಗಿಲ್ವೇ ಹುಡುಗ" ಅಂದರು. ಮಗುವನ್ನು ಮಲಗಿಸುವ ಮೊದಲು ಅಜ್ಜಿ ಒರಳಿನ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತಂದರು. ನಮ್ಮಲ್ಲಿ ಮೊದಲು ಕಲ್ಲನ್ನು ಮಲಗಿಸಿ ತೂಗುವುದು ರೂಢಿ.

"ಅಜ್ಜಿ, ಕೂಸು ಯಾರ ಥರ ಐತೆ? ನಿನ್ ಥರಾನೇ ಗುಂಡುಗುಂಡಾಗೈತಲ್ಲ!"

"ಮುಚ್ಚಲಾ ಬಾಯಿ. ಮಗು ಕಲ್ಲಿನಂಗೆ ಗಟ್ಟಿಯಾಗಿ ಬೆಳೀಲಿ ಅಂತ ಕಣ್ಲಾ ಇದು."

ಬಾಯಿ ಮುಚ್ಚುವವನಾ ನಾನು? ಹೆಂಗಸರು ತೂಗತೊಡಗಿದರೆ ನಾನು ಕಲ್ಲಿನ ಪರವಾಗಿ ಕುವ್ವಾ ಕುವ್ವಾ ಅಂತ ಅತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗ ತೊಟ್ಟಿಲಿನಿಂದ 'ಕಿರ್‍ರ್' ಅಂತ ಸದ್ದು ಬಂತು. ಮತ್ತೂ ನಕ್ಕರು.

ಅದು ನನ್ನದಾಗಿರಲಿಲ್ಲ.

ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಮತ್ತೆ 'ಕಿರ್‍ರ್'. ಅಷ್ಟರಲ್ಲಿ ಶಾಸ್ತ್ರ ಮುಗಿಯಿತು ಅಂತ ಅಜ್ಜಿ ಕಲ್ಲನ್ನು ಎತ್ತಿಕೊಂಡರು. ಅಕ್ಕ ಮಗುವನ್ನು ಮಲಗಿಸಲು ಬಗ್ಗಿದಳು.

"ಅಕ್ಕಾ, ಮಲಗಿಸ್ಬೇಡ! ತೊಟ್ಟಿಲು ಸದ್ದು ಮಾಡ್ತೈತೆ!"

"ಸಾಕು ಸುಮ್ನಿರೋ. ಇವತ್ತಾದ್ರೂ ನಿನ್ನ ಮಿಮಿಕ್ರಿ ಬುಡು."

"ದೇವ್ರಾಣೆ ನಾನಲ್ಲ ಕಣೇ!"

ಅದಕ್ಕೂ ನಕ್ಕರು. ಇನ್ನೇನು ಹೇಳಿದರೂ ಅದು ತಮಾಷೆಯೇ ಆಗುತ್ತದೆ ಅಂತ ಹೊಳೆದು, ಅಜ್ಜಿಯ ಕೈಯಿಂದ ಗುಂಡುಕಲ್ಲನ್ನು ಕಿತ್ತುಕೊಂಡು, ಅಕ್ಕನನ್ನು ಪಕ್ಕಕ್ಕೆ ಸರಿಸಿ, ಕಲ್ಲನ್ನು ಮತ್ತೆ ತೊಟ್ಟಿಲಿಗೆ ಹಾಕಿ ಜೋರಾಗಿ ತೂಗಿದೆ. "ಏಯ್, ಉಚ್ಚು ಇಡೀತೇನ್ಲಾ?" ಅಂತ ಅಜ್ಜಿ ಕೂಗುವುದಕ್ಕೂ ನನ್ನ 'ಡಿಸೈನು' ಉದ್ದಕ್ಕೂ ಸೀಳುವುದಕ್ಕೂ ಸರಿಹೋಯಿತು. ಅಡಿಹಲಗೆ ಬಾಯಿಬಿಟ್ಟಿತು. ಕಲ್ಲು ಧಡ್ ಅಂತ ನೆಲಕ್ಕೆ ಬಿತ್ತು.

ಅಕ್ಕ ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮಗು ಮಾತ್ರ ಆರಾಮಾಗಿ ಆಕಳಿಸಿತು. ನಾನು ಅಲ್ಲೇ ಕುಳಿತುಬಿಟ್ಟೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಅಜ್ಜಿ ಕಲ್ಲನ್ನು ಎತ್ತಿ, ಸವರಿ ನೋಡಿ, "ದೊಡ್ಡ ಮಗೀಗೆ ಏನೂ ಆಗಿಲ್ಲ ಬುಡ್ರಿ" ಅಂದರು. ಆಮೇಲೆ ಎಲ್ಲರಿಗೂ ಉಸಿರು ಬಂತು. ಅಮ್ಮನ ಹಳೇ ಸೀರೆಯನ್ನು ತೊಲೆಗೆ ಕಟ್ಟಿ, ಅದರಲ್ಲೇ ಮಗುವನ್ನು ಮಲಗಿಸಿ ಹೆಸರಿಟ್ಟೆವು.

ಮುರಿದ ಹಲಗೆಯನ್ನು ಸೆಲ್ವಂ ಅಣ್ಣನಿಗೆ ತೋರಿಸಿದೆ. "ಬರೀ ಸ್ಕ್ರೂ ಮೇಲೆ ಮಗೂನ ನೇತಾಕಿದ್ಯಾ ತಂಬಿ? ಅಯ್ಯಯ್ಯೋ!" ಅಂದರು. ಪಕ್ಕದ ಹಲಗೆಗಳಲ್ಲಿ ಸಣ್ಣ ಕಾಲುವೆಯಂತೆ ತೋಡಿ, ಅಡಿಹಲಗೆಯ ಅಂಚನ್ನು ಅದರೊಳಗೆ ಕೂರಿಸಬೇಕಂತೆ. ತೋಡುವುದಕ್ಕೆ ಉಳಿ ಬೇಕು. ಕೊನೆಗೂ ಉಳಿ ಕೊಂಡೆ. ಹೆಬ್ಬೆರಳಿಗೂ ಅದರ ಪರಿಚಯವಾಯಿತು. ಎರಡನೇ ತೊಟ್ಟಿಲಿಗೆ ಎಷ್ಟು ದಿನ ಹಿಡಿಯಿತೆಂದರೆ ಅಷ್ಟರಲ್ಲಿ ನನ್ನ ಸೋದರಸೊಸೆ ಮಗ್ಗುಲಾಗುವುದನ್ನು ಕಲಿತಿದ್ದಳು. ಮೊದಲು ಕಲ್ಲನ್ನೇ ಮಲಗಿಸಿ, ಹಲಗೆಗೆ ಕಿವಿಯಿಟ್ಟು ತೂಗಿದೆ. ಸದ್ದಿಲ್ಲ. ಅಷ್ಟು ಚೆಂದದ ಸದ್ದಿಲ್ಲದಿರುವಿಕೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಈಗ ಸ್ಟೂಲು, ಮಣೆ ಅಂತ ಏನೇನೋ ಮಾಡುತ್ತೇನೆ. ಎಲ್ಲದರ ಮೇಲೂ ಮೊದಲು ಕೂರುವುದು ಆ ಗುಂಡುಕಲ್ಲೇ. ಮಿಮಿಕ್ರಿ ಬಿಟ್ಟಿಲ್ಲ. ಅಜ್ಜಿಯ ದನಿ, ಭಾವನ ದನಿ, ಸೆಲ್ವಂ ಅಣ್ಣನ "ಉಳಿ ಫಸ್ಟು" ಎಲ್ಲ ಉಂಟು. ಆದರೆ 'ಕಿರ್‍ರ್' ಅನ್ನುವ ಆ ಒಂದು ಸದ್ದನ್ನು ಮಾತ್ರ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಅದು ಕೇಳಿಸಿದರೆ ನಾನಲ್ಲ ಅಂತ ಎಲ್ಲರಿಗೂ ಗೊತ್ತಿರಬೇಕು.